ವಿಜಯಪುರದಿಂದ ಶ್ರೀ ವಿಜಯಪುರಂಗೆ: ಅಂಡಮಾನ್‌ಗೆ ಹೋಗೋ ಮುಂಚೆ ಒಂದು ಖಾಲಿ ದಿನ ಎತ್ತಿಡ್ರಿ

ಇವತ್ತಿನ ಸಂಚಿಕೆ ದ್ವೀಪದ ಪ್ರವಾಸದ ಬಗ್ಗೆ. ನಿಮ್ಮಲ್ಲಿ ಬಹಳ ಮಂದಿ ಮೆಸೇಜ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ಮನಿ ಮಂದಿನ ಕರ್ಕೊಂಡು ಅಂಡಮಾನ್‌ಗೆ ಹೋಗ್ಬೇಕು, ಹೆಂಗ್ ಪ್ಲ್ಯಾನ್ ಮಾಡೋದು?" ಇದರ ಮೇಲೆ ವಿಡಿಯೊಗಳಿಗೇನೂ ಬರ ಇಲ್ಲ. ಆದರೆ ಅವೆಲ್ಲ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕೂತು, ಶುಕ್ರವಾರ ಸಂಜೆ ಬ್ಯಾಗ್ ಹೆಗಲಿಗೇರಿಸಿ ಹೊರಡೋರಿಗೆ ಮಾಡಿದ್ದು. ವಿಜಯಪುರದಿಂದ, ತಿಕೋಟಾದಿಂದ, ಬಬಲೇಶ್ವರದಿಂದ ಹೊರಡೋರ ಲೆಕ್ಕ ಬೇರೆ. ನಮಗೆ ತೋಟ ಇದೆ, ದನ ಇವೆ, ವಿಮಾನ ಹತ್ತೋ ಮುಂಚೆ ಒಂದು ರಾತ್ರಿಯ ರೈಲು ಪ್ರಯಾಣ ಇದೆ. ಆ ಲೆಕ್ಕವನ್ನೇ ಇವತ್ತು ಹೇಳ್ತೀನಿ. ನಾನು ಎಲ್ಲಿ ತಪ್ಪಿದೆ ಅನ್ನೋದನ್ನೂ ಹೇಳ್ತೀನಿ, ಯಾಕಂದ್ರೆ ಆ ತಪ್ಪಿಗೆ ಕೊಟ್ಟ ದುಡ್ಡು ಕಡಿಮೆ ಏನಲ್ಲ.

ಮೊದಲು ಒಂದು ತಮಾಷೆ. ಟಿಕೆಟ್ ಬುಕ್ ಮಾಡಿದ ದಿನ ಬಬಲೇಶ್ವರದ ನಮ್ಮ ಅತ್ತಿಗೆ ಫೋನ್ ಮಾಡಿ, "ಅತ್ತಿ, ಜನವರಿಯಾಗ ಶ್ರೀ ವಿಜಯಪುರಂಗೆ ಹೋಗೋಣು" ಅಂದೆ. ಅತ್ತಿ ಒಂದು ಗಳಿಗೆ ಸುಮ್ಮನಿದ್ದು, "ವಿಜಯಪುರಕ್ಕ ಹೋಗಾಕ ಜನವರಿತನ ಯಾಕ ಕಾಯಬೇಕವಾ? ನಾಳೆ ಮುಂಜಾನೆ ಬಸ್ಸಿಗೆ ಬರ್ತೀನಿ" ಅಂದರು. ಅವರ ತಪ್ಪಲ್ಲ. ನಮ್ಮ ಬಿಜಾಪುರ 2014ರ ನವೆಂಬರ್ 1ಕ್ಕೆ ವಿಜಯಪುರ ಆಯಿತು. ಅಂಡಮಾನಿನ ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಆಯಿತು. ಹ್ಯಾವ್ಲಾಕ್ ದ್ವೀಪ 2018ರಿಂದ ಸ್ವರಾಜ್ ದ್ವೀಪ, ನೀಲ್ ದ್ವೀಪ ಶಹೀದ್ ದ್ವೀಪ. ಬುಕಿಂಗ್ ಆ್ಯಪ್‌ಗಳಲ್ಲಿ ಒಂದು ಕಡೆ ಹಳೇ ಹೆಸರು ಇರ್ತದೆ, ಇನ್ನೊಂದು ಕಡೆ ಹೊಸದು. ಎರಡನ್ನೂ ಬರೆದಿಟ್ಕೊಳ್ಳಿ. ವಿಮಾನದ ಟಿಕೆಟ್ ಹುಡುಕುವಾಗ ಐಎಕ್ಸ್‌ಝಡ್ ಅನ್ನೋ ಕೋಡ್ ನೋಡ್ರಿ, ಅದು ಬದಲಾಗಿಲ್ಲ.

ಈಗ ಮೊದಲ ಪ್ರಶ್ನೆ, ಯಾವಾಗ ಹೋಗೋದು? ಎಲ್ಲ ವಿಡಿಯೊಗಳೂ ನವೆಂಬರ್‌ನಿಂದ ಏಪ್ರಿಲ್ ಅಂತಾವೆ. ಅದು ಸರಿ. ಮುಂಗಾರು ನಮ್ಮ ದೇಶಕ್ಕೆ ಕಾಲಿಡೋದೇ ಅಂಡಮಾನ್ ಕಡೆಯಿಂದ. ಕೇರಳಕ್ಕೆ ಜೂನ್ 1ಕ್ಕೆ ಬರೋ ಮಳೆ ಅಲ್ಲಿಗೆ ಮೇ ಮೂರನೇ ವಾರದ ಸುಮಾರಿಗೇ ಬಂದಿರ್ತದೆ. ನಮ್ಮಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಆದರೆ ಅಲ್ಲಿ 3,000 ಮಿ.ಮೀ. ಹತ್ತಿರ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ಬೇಡ.

ಆದರೆ ನಮ್ಮ ತಿಕೋಟಾ ಕಡೆಯ ದ್ರಾಕ್ಷಿ ಮನೆಗಳ ಕ್ಯಾಲೆಂಡರ್ ಒಮ್ಮೆ ನೋಡ್ರಿ. ಅಕ್ಟೋಬರ್‌ನಲ್ಲಿ ಚಾಟ್ನಿ. ಅದಾದ ಮೇಲೆ ಎರಡು ತಿಂಗಳು ಔಷಧಿ ಹೊಡೆಯೋದು, ಮೋಡ ನೋಡಿದ್ರೆ ಎದೆ ಬಡ್ಕೊಳ್ಳೋದು. ಫೆಬ್ರುವರಿ, ಮಾರ್ಚ್‌ನಲ್ಲಿ ಕಟಾವು, ಶೆಡ್ಡಿನಲ್ಲಿ ಮಣೂಕಾ ಒಣಗಿಸೋದು. ಏಪ್ರಿಲ್‌ನಲ್ಲಿ ಮತ್ತೆ ಚಾಟ್ನಿ. ನಮಗೆ ಸ್ವಲ್ಪ ಕೈ ಖಾಲಿ ಆಗೋದು ಮಳೆಗಾಲದಲ್ಲಿ. ಸಮುದ್ರ ಕರೆಯೋ ಹೊತ್ತಿಗೆ ತೋಟ ಬಿಡಲ್ಲ, ತೋಟ ಬಿಡೋ ಹೊತ್ತಿಗೆ ಸಮುದ್ರ ಬರಗೊಡಲ್ಲ. "ಮುಂದಿನ ವರ್ಷ ಹೋಗೋಣು" ಅಂತ ನಮ್ಮ ಮನೆಗಳಲ್ಲಿ ಹತ್ತು ವರ್ಷ ಹೋಗೋದು ಇದಕ್ಕೇ.

ನನಗೆ ಸಿಕ್ಕ ಸಂದು ಒಂದೇ. ಸಂಕ್ರಾಂತಿ ಮುಗಿದು, ನಮ್ಮ ಸಿದ್ಧೇಶ್ವರ ಜಾತ್ರೆ ಮುಗಿದ ಮೇಲೆ, ಕಟಾವು ಶುರು ಆಗೋ ಮುಂಚೆ, ಅಂದ್ರೆ ಜನವರಿ ಕೊನೆಯ ವಾರ. ಆಗ ಕಾಯಿ ಮೆತ್ತಗಾಗ್ತಿರ್ತಾವೆ, ಔಷಧಿ ಕಡಿಮೆ ಆಗಿರ್ತದೆ. ಮನೆಯಲ್ಲಿ ಒಬ್ಬರು ಉಳಿಯಲೇಬೇಕು, ಆದರೆ ಉಳಿದವರು ಹೋಗಬಹುದು. ನಮ್ಮ ತಮ್ಮ ತೋಟಕ್ಕೆ ಉಳಿದ. ಅಪ್ಪ, ಅವ್ವ, ಅತ್ತಿ, ನಾನು, ನಾಲ್ಕು ಮಂದಿ ಹೊರಟೆವು, 2025ರ ಜನವರಿಯಲ್ಲಿ. ಅವ್ವ ಅಲ್ಲಿತನಕ ನೋಡಿದ ದೊಡ್ಡ ನೀರು ಅಂದ್ರೆ ಆಲಮಟ್ಟಿ.

ಕಬ್ಬಿನ ಮನೆಯವರು, ನೌಕರಿ ಮಾಡೋರು ನಿಮ್ಮ ನಿಮ್ಮ ಸಂದು ಹುಡುಕ್ಕೊಳ್ಳಿ. ಆದರೆ ಮೊದಲು ಮನೆ ಕ್ಯಾಲೆಂಡರ್ ನೋಡ್ರಿ, ಆಮೇಲೆ ಆಫರ್ ನೋಡ್ರಿ. ನಾವೆಲ್ಲ ಇದನ್ನ ಉಲ್ಟಾ ಮಾಡ್ತೀವಿ. ರಾತ್ರಿ 12 ಗಂಟೆಗೆ ಸೇಲ್ ಬರ್ತದೆ, ಟಿಕೆಟ್ ಹಿಡಿದು ಬಿಡ್ತೀವಿ, ಬೆಳಗ್ಗೆ ಅಪ್ಪ ಕೇಳ್ತಾರೆ, "ಆ ವಾರ ಕಟಾವು ಐತಿ, ನಾನು ಹೆಂಗ ಬರ್ಲಿ?" ಕಡಿಮೆ ದರದ ಟಿಕೆಟ್ ರದ್ದು ಮಾಡಿದ್ರೆ ಕೈಗೆ ಬರೋದು ಸ್ವಲ್ಪವೇ.

ಎರಡನೇದು, ಹೋಗೋ ದಾರಿ. ಬುರಣಾಪುರದ ವಿಮಾನ ನಿಲ್ದಾಣದಿಂದ ನಾವೆಲ್ಲ ಹಾರೋ ದಿನ ಬರಲಿ, ಆಗ ಈ ಭಾಗ ತೆಗೆದು ಬೇರೆ ಸಂಚಿಕೆ ಮಾಡ್ತೀನಿ. ಸದ್ಯಕ್ಕೆ ಬೆಂಗಳೂರು, ಚೆನ್ನೈ ಅಥವಾ ಹೈದರಾಬಾದ್‌ಗೆ ಹೋಗಿ ಅಲ್ಲಿಂದ ವಿಮಾನ. ಚೆನ್ನೈಯಿಂದ, ಕೋಲ್ಕತ್ತದಿಂದ, ವಿಶಾಖಪಟ್ಟಣದಿಂದ ಹಡಗೂ ಇದೆ, ಆದರೆ ಚೆನ್ನೈಯಿಂದ ಸುಮಾರು 1,200 ಕಿ.ಮೀ., ಮೂರು ದಿನದ ಆಸುಪಾಸು ನೀರ ಮೇಲೇ ಇರಬೇಕು. ಹಿರಿಯರನ್ನ ಕರ್ಕೊಂಡು ಹೋಗೋರಿಗೆ ಅದು ಬೇಡ.

ನಾವು ಗೋಳಗುಮ್ಮಟ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿ ಬೆಳಗ್ಗೆ ಬೆಂಗಳೂರಿಗೆ ಇಳಿದೆವು. ಇಲ್ಲಿ ನೆನಪಿಡಿ, ಮೆಜೆಸ್ಟಿಕ್‌ನಿಂದ ದೇವನಹಳ್ಳಿ ಏರ್‌ಪೋರ್ಟ್ ಹತ್ತಿರ ಹತ್ತಿರ 35 ಕಿ.ಮೀ. ರೈಲು ತಡ ಆಗಬಹುದು, ಟ್ರಾಫಿಕ್ ಇರ್ತದೆ. ರೈಲು ಇಳಿದ ದಿನವೇ ವಿಮಾನ ಹಿಡಿಯೋ ಹಾಗಿದ್ರೆ ಮಧ್ಯಾಹ್ನದ ನಂತರದ್ದು ತಗೊಳ್ಳಿ. ಇನ್ನೂ ಒಳ್ಳೇದು ಅಂದ್ರೆ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿಯೋದು. ನಮ್ಮ ಜಿಲ್ಲೆಯವರಿಗೆ ಬೆಂಗಳೂರಿನಲ್ಲಿ ನೆಂಟರಿಲ್ಲ ಅಂದ್ರೆ ನಾನಂತೂ ನಂಬಲ್ಲ.

ಬ್ಯಾಗಿನ ಬಗ್ಗೆ ಎರಡು ಮಾತು. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿದ್ದರು. ನಾಚಿಕೆ ಪಡಬೇಡಿ, ಒಯ್ಯಿರಿ. ಅಂಡಮಾನ್‌ನಲ್ಲಿ ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳು ಬಹಳ. ಹಾಗಾಗಿ ಅಲ್ಲಿನ ಊಟ ಅಂದ್ರೆ ಅನ್ನ, ಮೀನು. ಸಸ್ಯಾಹಾರ ಸಿಗ್ತದೆ, ಆದರೆ ಮೂರನೇ ದಿನಕ್ಕೆ ಹಿರಿಯರಿಗೆ ರೊಟ್ಟಿ ನೆನಪಾಗೇ ಆಗ್ತದೆ. ಇಡೀ ಒಣಕೊಬ್ಬರಿ ಮಾತ್ರ ಬ್ಯಾಗಿನಲ್ಲಿ ಹಾಕಬೇಡಿ, ಎಣ್ಣೆ ಇರೋದರಿಂದ ಬೆಂಕಿ ಹತ್ತಬಹುದು ಅಂತ ವಿಮಾನದಲ್ಲಿ ಬಿಡಲ್ಲ. ಬೆಂಕಿಪೆಟ್ಟಿಗೆನೂ ಬೇಡ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಬಿಪಿ, ಶುಗರ್ ಗುಳಿಗಿನೂ ಕೈಚೀಲದಲ್ಲೇ, ಎಷ್ಟು ದಿನದ ಪ್ರವಾಸವೋ ಅದಕ್ಕಿಂತ ಐದು ದಿನ ಹೆಚ್ಚಿಗೆ. ಈ ಐದು ದಿನದ ಮಾತು ಯಾಕಂತ ಮುಂದೆ ಗೊತ್ತಾಗ್ತದೆ.

ಮೂರನೇದು, ಹೊತ್ತು. ನಮ್ಮ ಗಡಿಯಾರ, ಅವರ ಗಡಿಯಾರ ಒಂದೇ. ಆದರೆ ಸೂರ್ಯ ಒಂದೇ ಅಲ್ಲ. ವಿಜಯಪುರ ಸುಮಾರು 75.7 ಡಿಗ್ರಿ ರೇಖಾಂಶದಲ್ಲಿದೆ, ಶ್ರೀ ವಿಜಯಪುರಂ 92.7ರಲ್ಲಿ. 17 ಡಿಗ್ರಿ ವ್ಯತ್ಯಾಸ. ಒಂದು ಡಿಗ್ರಿಗೆ 4 ನಿಮಿಷ, ಅಲ್ಲಿಗೆ 68 ನಿಮಿಷ. ನಮ್ಮಲ್ಲಿ ಸಂಜೆ ಆರೂವರೆ ಆದಂಗೆ ಕಾಣೋ ಹೊತ್ತು ಅಲ್ಲಿ ಐದೂಕಾಲಿಗೇ ಬಂದಿರ್ತದೆ. ಬೆಳಗ್ಗೆ ಎಂಟಕ್ಕೆ ಎದ್ದು, ಹತ್ತಕ್ಕೆ ಹೊರಟು, ಊಟ ಮಾಡಿ ಬೀಚಿಗೆ ಹೋದ್ರೆ ಕತ್ತಲೆ ನೋಡಿ ವಾಪಸ್ ಬರ್ತೀರಿ. ನಮ್ಮ ಅಪ್ಪ, ಅವ್ವಂಗೆ ಇದು ತೊಂದರೆನೇ ಆಗಲಿಲ್ಲ. ಐದಕ್ಕೇ ಎದ್ದು ಚಹಾ ಎಲ್ಲಿ ಅಂತ ಕೂತಿದ್ದರು. ತೊಂದರೆ ಆಗಿದ್ದು ನನಗೆ. ಹಿರಿಯರ ಹೊತ್ತಿಗೆ ಎದ್ದರೆ ದ್ವೀಪ ಸರಿಯಾಗಿ ಕಾಣ್ತದೆ.

ಭರತ ಇಳಿತದ ಹೊತ್ತೂ ಕೇಳ್ಕೊಳ್ಳಿ. ಸಮುದ್ರ ದಿನಕ್ಕೆ ಎರಡು ಸಲ ಏರ್ತದೆ, ಎರಡು ಸಲ ಇಳೀತದೆ, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತದೆ. ನಿನ್ನೆಯ ವಿಡಿಯೊ ನೋಡಿ ಇವತ್ತು ಅದೇ ಗಂಟೆಗೆ ಹೋದ್ರೆ ಅದೇ ನೀರು ಸಿಗಲ್ಲ. ಶಹೀದ್ ದ್ವೀಪದಲ್ಲಿ ಕಲ್ಲಿನ ಸಹಜ ಸೇತುವೆ ಒಂದಿದೆ, ಅದರ ಹತ್ತಿರ ಹೋಗೋಕಾಗೋದು ನೀರು ಇಳಿದಾಗಲೇ. ಹೋಟೆಲಿನವರನ್ನ ಕೇಳಿದ್ರೆ ಇಳಿತ ಎಷ್ಟೊತ್ತಿಗೆ ಅಂತ ಹೇಳ್ತಾರೆ.

ನಾಲ್ಕನೇದನ್ನ ಹುಡುಗರು ಗಮನ ಕೊಟ್ಟು ಕೇಳ್ರಿ. ನಮ್ಮ ಕಡೆ ಈಜು ಕಲಿಯೋದು ಬಾವಿಯಲ್ಲಿ, ಕಾಲುವೆಯಲ್ಲಿ. ಸೊಂಟಕ್ಕೆ ಹಗ್ಗ ಕಟ್ಟಿ, ಮೇಲಿಂದ ದಬ್ಬಿ ಕಲಿಸಿರ್ತಾರೆ. ಆ ಧೈರ್ಯದ ಮೇಲೆ ಸಮುದ್ರಕ್ಕೆ ಇಳಿಯಬೇಡಿ. ಬಾವಿ ನೀರು ನಿಂತ ನೀರು. ಸಮುದ್ರದಲ್ಲಿ ದಂಡೆಗೆ ಬಂದ ನೀರು ಒಂದು ಕಡೆ ಸೇರ್ಕೊಂಡು ಜೋರಾಗಿ ಒಳಗೆ ವಾಪಸ್ ಹೋಗ್ತದೆ, ಮಂದಿನ ಎಳೆಯೋದು ಆ ಸೆಳವು. ಅಲೆ ಕಡಿಮೆ ಇದ್ದು ಶಾಂತವಾಗಿ ಕಾಣೋ ಜಾಗದಲ್ಲೇ ಅದು ಇರಬಹುದು. ಸಿಕ್ಕಿಬಿದ್ರೆ ದಂಡೆ ಕಡೆ ನೇರ ಈಜಬೇಡಿ, ಸುಸ್ತಾಗ್ತೀರಿ. ಮೈ ತೇಲಿಸಿ, ಕೈ ಎತ್ತಿ ಕರೀರಿ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಗೆ ಬಂದು ಆಮೇಲೆ ದಂಡೆಗೆ ಬರ್ರಿ. 2024ರ ಡಿಸೆಂಬರ್‌ನಲ್ಲಿ ನಮ್ಮದೇ ರಾಜ್ಯದ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ 4 ವಿದ್ಯಾರ್ಥಿನಿಯರು ನೀರುಪಾಲಾದರು. ಒಳನಾಡಿನಿಂದ ಹೋಗೋ ನಮಗೆ ಸಮುದ್ರ ಹೊಸದು, ಅದನ್ನ ಒಪ್ಪಿಕೊಂಡೇ ಇಳಿಯೋಣ.

ಅಂಡಮಾನ್‌ನಲ್ಲಿ ಇನ್ನೊಂದು ಸೇರ್ಕೊಳ್ತದೆ: ಉಪ್ಪುನೀರಿನ ಮೊಸಳೆ. ಎಲ್ಲ ಕಡೆ ಇಲ್ಲ, ಆದರೆ ಕೆಲವು ಕಡೆ ಎಚ್ಚರಿಕೆ ಬೋರ್ಡ್ ಹಾಕಿರ್ತಾರೆ, ಬಲೆ ಕಟ್ಟಿರ್ತಾರೆ. ಬೋರ್ಡ್ ಇದ್ದಲ್ಲಿ ಇಳಿಯಬೇಡಿ, ರೀಲ್ಸ್‌ಗೋಸ್ಕರವೂ ಬೇಡ. ಸ್ಕೂಬಾ ಮಾಡೋರು ಆರೋಗ್ಯದ ಫಾರಂನಲ್ಲಿ ನಿಜ ಬರೀರಿ, ಅಸ್ತಮಾ, ಬಿಪಿ ಇದ್ರೆ ಮುಚ್ಚಿಡಬೇಡಿ. ಡೈವ್ ಮಾಡಿ ಕನಿಷ್ಠ 18 ತಾಸು ವಿಮಾನ ಹತ್ತಬಾರದು, ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆ ಕಟ್ಟೋ ಅಪಾಯ ಇರ್ತದೆ. ಹಾಗಾಗಿ ಸ್ಕೂಬಾನ ಪ್ರವಾಸದ ನಡುವೆ ಇಟ್ಕೊಳ್ಳಿ, ಕೊನೇ ದಿನಕ್ಕೆ ಬೇಡ. ಹಿರಿಯರಿಗೆ ತಳದಲ್ಲಿ ಗಾಜು ಹಾಕಿದ ದೋಣಿ ಇದೆ. ಅವ್ವ ಇಳಕಲ್ ಸೀರೆ ಮೇಲೆ ಲೈಫ್ ಜಾಕೆಟ್ ಹಾಕ್ಕೊಂಡು ಅದರಲ್ಲಿ ಕೂತು, ಹವಳದ ಮೇಲೆ ಓಡಾಡೋ ಮೀನು ನೋಡಿ, "ಇಷ್ಟು ಬಣ್ಣ ಯಾರು ಹಚ್ಚಿದರವಾ?" ಅಂದರು. ಫೋಟೊ ತೆಗೆಯೋಕೆ ನನಗೆ ನೆನಪೇ ಆಗಲಿಲ್ಲ.

ಹವಳ ಅಂದ ಕೂಡಲೇ ಹೇಳಿಬಿಡ್ತೀನಿ. ಸತ್ತ ಹವಳ ಆದ್ರೂ, ದಂಡೆಯಲ್ಲಿ ಬಿದ್ದ ಚಿಪ್ಪು ಆದ್ರೂ ಆರಿಸಿ ತರಬೇಡಿ. ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಏರ್‌ಪೋರ್ಟ್‌ನಲ್ಲಿ ಸಿಕ್ಕರೆ ಕೇಸ್ ಆಗಬಹುದು. ಅತ್ತಿ ಮೊಮ್ಮಕ್ಕಳಿಗೆ ಅಂತ ಸೆರಗಿನಲ್ಲಿ ಚಿಪ್ಪು ಕಟ್ಕೊಂಡಿದ್ದರು, ವಾಪಸ್ ಹಾಕಿಸೋಕೆ ಅರ್ಧ ತಾಸು ಬೇಕಾಯಿತು. ಬಾರಾಟಾಂಗ್ ಕಡೆ ಹೋಗೋ ರಸ್ತೆ ಜಾರವಾ ಬುಡಕಟ್ಟಿನವರ ಕಾಡಿನೊಳಗೆ ಹಾದು ಹೋಗ್ತದೆ. ಅಲ್ಲಿ ಗಾಡಿ ನಿಲ್ಲಿಸೋದು, ಫೋಟೊ ತೆಗೆಯೋದು, ತಿನ್ನೋಕೆ ಕೊಡೋದು ಅಪರಾಧ, 1956ರಿಂದಲೇ ಅವರ ರಕ್ಷಣೆಗೆ ಕಾನೂನು ಇದೆ. ನಮಗೆ ಅದು ಪ್ರವಾಸ, ಅವರಿಗೆ ಅದು ಮನೆ.

ಈಗ ನನ್ನ ತಪ್ಪಿಗೆ ಬರ್ತೀನಿ.

ನಮ್ಮ ಪ್ಲ್ಯಾನ್ ಆರು ದಿನದ್ದು. ಮೊದಲ ಎರಡು ದಿನ ಶ್ರೀ ವಿಜಯಪುರಂ. ಸೆಲ್ಯುಲರ್ ಜೈಲು ನೋಡಿದೆವು. 1906ರಲ್ಲಿ ಕಟ್ಟಿ ಮುಗಿಸಿದ್ದು, ನಡುವಿನ ಗೋಪುರದಿಂದ ಏಳು ಕಡೆಗೆ ಏಳು ಕಟ್ಟಡ ಇದ್ದವು, ಈಗ ಮೂರು ಉಳಿದಿವೆ. ಒಂದು ಕಟ್ಟಡದ ಮುಖ ಇನ್ನೊಂದರ ಬೆನ್ನಿಗೆ ಬರೋ ಹಾಗೆ ಕಟ್ಟಿದಾರೆ, ಕೈದಿಗಳು ಒಬ್ಬರ ಮುಖ ಒಬ್ಬರು ನೋಡಬಾರದು ಅಂತ. ಅಪ್ಪ ಅಲ್ಲಿ ನಿಂತು, "ನಮ್ಮ ಗೋಳಗುಮ್ಮಟದಾಗ ಪಿಸುಗುಟ್ಟಿದ್ರೂ ಆ ಕಡೆ ಕೇಳತೈತಿ. ಇಲ್ಲಿ ಒದರಿದ್ರೂ ಕೇಳಬಾರದು ಅಂತ ಕಟ್ಯಾರ" ಅಂದರು. ಅಷ್ಟೇ, ಆಮೇಲೆ ಸಂಜೆತನಕ ಮಾತಾಡಲಿಲ್ಲ. ಆ ಜೈಲಿಗೆ ಒಂದು ತಾಸು ಅಲ್ಲ, ಅರ್ಧ ದಿನ ಇಡಿ.

ಮೂರು, ನಾಲ್ಕನೇ ದಿನ ಸ್ವರಾಜ್ ದ್ವೀಪ, ರಾಧಾನಗರ ಬೀಚ್. ಐದನೇ ದಿನ ಶಹೀದ್ ದ್ವೀಪ. ಆರನೇ ದಿನ ಬೆಳಗ್ಗೆ ಬೋಟಿಗೆ ವಾಪಸ್, ಅದೇ ಮಧ್ಯಾಹ್ನ ಚೆನ್ನೈಗೆ ವಿಮಾನ, ಚೆನ್ನೈಯಿಂದ ಸಂಜೆ ಬೆಂಗಳೂರಿಗೆ ಇನ್ನೊಂದು ವಿಮಾನ, ಮಾರನೇ ದಿನ ರೈಲು. ಕಾಗದದ ಮೇಲೆ ಒಂದು ತಾಸೂ ವ್ಯರ್ಥ ಇಲ್ಲ. ಬಿ.ಕಾಂ. ಓದಿದವಳು ನಾನು, ಎಕ್ಸೆಲ್ ಶೀಟ್ ನೋಡಿ ನನಗೆ ನಾನೇ ಶಭಾಷ್ ಅಂದುಕೊಂಡಿದ್ದೆ.

ಐದನೇ ದಿನ ಸಂಜೆ ಗಾಳಿ ಎದ್ದಿತು. ರಾತ್ರಿ ಮೆಸೇಜ್ ಬಂತು: ಬೆಳಗಿನ ಬೋಟ್ ರದ್ದು, ಮುಂದಿನದು ಸಮುದ್ರ ನೋಡಿ ಹೇಳ್ತೀವಿ. ಬೋಟಿನವರ ತಪ್ಪೇನೂ ಇಲ್ಲ, ದುಡ್ಡು ವಾಪಸ್ ಕೊಟ್ಟರು. ಆದರೆ ವಿಮಾನ ನಮಗೋಸ್ಕರ ಕಾಯಲ್ಲ. ಎರಡು ವಿಮಾನದ ಟಿಕೆಟ್ ಬೇರೆ ಬೇರೆ ಪಿಎನ್‌ಆರ್‌ನಲ್ಲಿ ತೆಗೆದಿದ್ದೆ, 600 ರೂಪಾಯಿ ಉಳೀತದೆ ಅಂತ. ಮೊದಲನೇದು ತಪ್ಪಿದ್ರಿಂದ ಎರಡನೇದೂ ತಪ್ಪಿತು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದರು. ಒಂದೇ ಪಿಎನ್‌ಆರ್ ಇದ್ದಿದ್ರೆ ಹೊಸ ದಿನಕ್ಕೆ ಬದಲಾಯಿಸೋ ಮಾತಾದ್ರೂ ಒಂದೇ ಕಡೆ ಆಡಬಹುದಿತ್ತು. ರೈಲಿನ ಟಿಕೆಟೂ ಹೋಯಿತು. ಹೊಸ ಟಿಕೆಟ್, ಎರಡು ರಾತ್ರಿ ಹೋಟೆಲ್, ಎಲ್ಲ ಸೇರಿ 38,000 ರೂಪಾಯಿ ಹೆಚ್ಚಿಗೆ ಬಿತ್ತು.

ಅದೇ ರಾತ್ರಿ ತಮ್ಮ ಫೋನ್ ಮಾಡಿದ. ತಿಕೋಟಾದಲ್ಲಿ ಮೋಡ ಕಟ್ಟಿದೆ, ಏನು ಮಾಡ್ಲಿ ಅಂತ. ಲೈನ್ ಕಟ್ ಆಗ್ತಿತ್ತು. ಚೆನ್ನೈಯಿಂದ ಅಂಡಮಾನ್‌ಗೆ ಸಮುದ್ರದ ತಳದಲ್ಲಿ ಸುಮಾರು 2,300 ಕಿ.ಮೀ. ಕೇಬಲ್ ಹಾಕಿದ್ದು 2020ರಲ್ಲಿ, ಅದರಿಂದ ನೆಟ್ ಸುಧಾರಿಸಿದೆ, ಆದರೆ ಸಣ್ಣ ದ್ವೀಪದ ಎಲ್ಲ ಮೂಲೆಗೂ ಸಿಗ್ನಲ್ ಸಿಗಲ್ಲ. ಅಪ್ಪ ಜೆಟ್ಟಿ ಹತ್ತಿರ ಫೋನ್ ಎತ್ತಿ ಹಿಡಿದು ಆ ಕಡೆ ಈ ಕಡೆ ನಡೀತಿದ್ದರು. ವರ್ಷದ ಬೆಳೆ ಅಲ್ಲಿ, ನಾವು ಇಲ್ಲಿ, ನಡುವೆ ಇಷ್ಟು ನೀರು. ನಾನು ಅಳೋದೊಂದೇ ಬಾಕಿ. ಅಪ್ಪ ಬೈತಾರೆ ಅಂದ್ಕೊಂಡಿದ್ದೆ. ಫೋನ್ ಇಟ್ಟು ನನ್ನ ಪಕ್ಕ ಕೂತು, "ಎರಡು ಕ್ವಿಂಟಲ್ ಮಣೂಕಾ ಸಮುದ್ರಕ್ಕ ಹೋದಂಗಾತು. ಇರ್ಲಿ. ಬಿ.ಕಾಂ. ಮಾಡೀದಿ, ಒಂದು ದಿನದ ಲೆಕ್ಕ ಯಾಕ ಬಿಟ್ಟಿ? ನಾವು ಕಟಾವಿಗೆ ದಿನಾ ಹಿಡಿಯೂವಾಗ ಮಳಿಗೆ ಎರಡು ದಿನಾ ಬಿಟ್ಟ ಹಿಡೀತೀವಲ್ಲ?" ಅಂದರು.

ಇವತ್ತಿನ ಸಂಚಿಕೆಯಿಂದ ಒಂದೇ ಒಂದು ಮಾತು ನೆನಪಿಡೋದಿದ್ರೆ, ಅಪ್ಪನ ಈ ಮಾತು ನೆನಪಿಡಿ. ದ್ವೀಪದಲ್ಲಿ ವೇಳಾಪಟ್ಟಿ ಬರೆಯೋದು ಸಮುದ್ರ. ಕೊನೇ ಬೋಟ್ ಮತ್ತು ವಾಪಸ್ ವಿಮಾನದ ನಡುವೆ ಪೂರ್ತಿ ಒಂದು ದಿನ ಖಾಲಿ ಬಿಡಿ. ಮೊದಲು ದೂರದ ದ್ವೀಪಗಳಿಗೆ ಹೋಗಿ ಬಂದುಬಿಡಿ, ಏರ್‌ಪೋರ್ಟ್ ಇರೋ ಊರನ್ನ ಕೊನೆಗೆ ಇಟ್ಕೊಳ್ಳಿ. ನಾನು ಜೈಲು, ಮ್ಯೂಸಿಯಂ ಮೊದಲು ನೋಡಿ ಬೋಟ್ ಕೊನೆಗೆ ಇಟ್ಟೆ. ಅದನ್ನ ತಿರುವಿ ಹಾಕಿದ್ದಿದ್ರೆ ಅದೇ ಆರು ದಿನದಲ್ಲಿ, ಒಂದು ರೂಪಾಯಿ ಹೆಚ್ಚಿಗೆ ಇಲ್ಲದೆ ಮುಗೀತಿತ್ತು. ಬೋಟ್ ತಡ ಆಗಿದ್ರೆ ಜೈಲು ನೋಡೋ ದಿನ ಕಡಿಮೆ ಆಗ್ತಿತ್ತು, ವಿಮಾನ ತಪ್ತಿರಲಿಲ್ಲ.

ಇದು ನನ್ನೊಬ್ಬಳ ಕತೆ ಅಲ್ಲ. 2016ರ ಡಿಸೆಂಬರ್‌ನಲ್ಲಿ ಚಂಡಮಾರುತದ ಗಾಳಿ ಮಳೆಗೆ ಹ್ಯಾವ್ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಹಾಕಿಕೊಂಡರು, ಕೊನೆಗೆ ನೌಕಾಪಡೆಯ ಹಡಗುಗಳು ಹೋಗಿ ಕರ್ಕೊಂಡು ಬರಬೇಕಾಯಿತು. ಅದಕ್ಕೇ ಗುಳಿಗಿ ಐದು ದಿನ ಹೆಚ್ಚಿಗೆ ಇರಲಿ ಅಂದಿದ್ದು. ನವೆಂಬರ್, ಡಿಸೆಂಬರ್ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಲ. ಆಗ ಹೋಗೋದಾದ್ರೆ ಒಂದಲ್ಲ, ಎರಡು ದಿನ ಖಾಲಿ ಇಡಿ, ಹವಾಮಾನ ಇಲಾಖೆಯ ಮುನ್ಸೂಚನೆ ದಿನಾ ನೋಡ್ತಿರಿ.

ಈಗ ದುಡ್ಡಿನ ಲೆಕ್ಕ. ಒಟ್ಟು ಎಷ್ಟು ಅಂತ ನಾನು ಹೇಳಲ್ಲ, ಟಿಕೆಟ್ ದರ ವಾರಕ್ಕೊಮ್ಮೆ ಬದಲಾಗ್ತದೆ. ಲೆಕ್ಕ ಹಾಕೋ ರೀತಿ ಹೇಳ್ತೀನಿ. ಮನೆಯಿಂದ ಮನೆತನಕ ಬರೀರಿ, ಏರ್‌ಪೋರ್ಟ್‌ನಿಂದ ಏರ್‌ಪೋರ್ಟ್‌ತನಕ ಅಲ್ಲ. ತಿಕೋಟಾದಿಂದ ಸ್ಟೇಷನ್ನಿಗೆ ಗಾಡಿ, ರೈಲು, ಬೆಂಗಳೂರಿನಲ್ಲಿ ಕ್ಯಾಬ್, ವಿಮಾನ, ಬೋಟ್, ಹೋಟೆಲ್, ಊಟ, ಮನೆಯಲ್ಲಿ ಉಳಿದವರಿಗೆ ಆಳಿನ ಕೂಲಿ, ಎಲ್ಲ. ಆ ಮೊತ್ತದ ಮೇಲೆ ಶೇ. 20 ಸೇರಿಸಿ. ಅದು ಖರ್ಚಿಗಲ್ಲ, ಸಮುದ್ರದ ಪಾಲು. ಏನೂ ಆಗದೆ ಬಂದ್ರೆ ಆ ದುಡ್ಡು ನಿಮ್ಮದೇ. ಆ ಶೇ. 20 ಸೇರಿಸಿದ ಮೇಲೆ ಕೈಗೆ ಎಟುಕೋದಿಲ್ಲ ಅಂದ್ರೆ ಈ ವರ್ಷ ಬೇಡ, ಮುಂದಿನ ವರ್ಷಕ್ಕೆ ಇಟ್ಕೊಳ್ಳಿ. ಬ್ಯಾಂಕಿನಲ್ಲೋ ಪೋಸ್ಟಿನಲ್ಲೋ ತಿಂಗಳಿಗೆ ಇಷ್ಟು ಅಂತ ಒಂದು ಆರ್‌ಡಿ ಹಾಕಿ. ಪ್ರವಾಸಕ್ಕೆ ಆ್ಯಪ್‌ನಲ್ಲಿ ಸಾಲ ಮಾಡಬೇಡಿ. ಫೋಟೊಗೆ ಬಂದ ಲೈಕ್ ಎರಡು ದಿನ, ಇಎಂಐ ಹನ್ನೆರಡು ತಿಂಗಳು.

ಪ್ಯಾಕೇಜ್ ತಗೊಳ್ಳೋರು ಮೂರು ಪ್ರಶ್ನೆ ಬರಹದಲ್ಲಿ ಕೇಳಿ. ಬೋಟ್ ರದ್ದಾದ್ರೆ ಹೆಚ್ಚಿನ ರಾತ್ರಿಯ ಖರ್ಚು ಯಾರದು? ಬೋಟ್ ಟಿಕೆಟ್ ನಮ್ಮ ಹೆಸರಲ್ಲಿ ಈಗಲೇ ಆಗಿದೆಯಾ, ಇಲ್ಲ ಅಲ್ಲಿ ಹೋದ ಮೇಲಾ? ಊಟ, ಪ್ರವೇಶ ಶುಲ್ಕ ಸೇರಿದೆಯಾ? "ಎಲ್ಲಾ ಸೇರೇತ್ರಿ" ಅನ್ನೋದು ಉತ್ತರ ಅಲ್ಲ. ಸಣ್ಣ ದ್ವೀಪಗಳಲ್ಲಿ ಎಟಿಎಂ ಕಡಿಮೆ, ಯುಪಿಐ ನೆಟ್ ಇದ್ರೆ ಮಾತ್ರ ನಡೀತದೆ. ಎರಡು ದಿನಕ್ಕೆ ಸಾಕಾಗೋಷ್ಟು ನಗದು ಇರಲಿ, ಇಬ್ಬರ ಹತ್ತಿರ ಹಂಚಿಡಿ.

ಬೋಟಿನಲ್ಲಿ ಹೊಟ್ಟೆ ತೊಳಸೋರಿಗೆ: ಹೊರಡೋ ಒಂದು ತಾಸು ಮುಂಚೆ ಡಾಕ್ಟರ್ ಹೇಳಿದ ಗುಳಿಗಿ, ಹಗುರ ತಿಂಡಿ, ಬೋಟಿನ ನಡುಭಾಗದಲ್ಲಿ ಸೀಟು. ಮೊಬೈಲ್ ನೋಡಬೇಡಿ, ದೂರದಲ್ಲಿ ನೀರು ಆಕಾಶ ಸೇರೋ ಗೆರೆ ನೋಡಿ. ಸಂಜೆ ದಂಡೆಯಲ್ಲಿ ಮರಳುನೊಣ ಕಡೀತಾವೆ, ತುಂಬು ತೋಳಿನ ಬಟ್ಟೆ ಇರಲಿ.

"ಇಷ್ಟು ದುಡ್ಡೂ ಇಲ್ಲ, ಇಷ್ಟು ದಿನವೂ ಇಲ್ಲ" ಅನ್ನೋರಿಗೆ ನಮ್ಮ ರಾಜ್ಯದಲ್ಲೇ ದ್ವೀಪ ಇದೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಕಂಬದಂಥ ಕಪ್ಪು ಕಲ್ಲುಗಳು ಕೋಟ್ಯಂತರ ವರ್ಷದ ಹಿಂದೆ ಲಾವಾ ತಣ್ಣಗಾಗಿ ಆದವು. ನಮ್ಮ ಗೋಳಗುಮ್ಮಟದ ಕಪ್ಪು ಕಲ್ಲೂ ಲಾವಾದ್ದೇ, ಆದರೆ ಬೇರೆ ಕಾಲದ್ದು, ಬೇರೆ ಉಕ್ಕಿನದು. ಮಲ್ಪೆಯಲ್ಲೂ ಇದೇ ಲೆಕ್ಕ: ಮಳೆಗಾಲದಲ್ಲಿ ದೋಣಿ ಬಂದ್, ಗಾಳಿ ಇದ್ರೆ ಬಂದ್, ಸಂಜೆಯೊಳಗೆ ವಾಪಸ್. ವಾಪಸ್ ಹೋಗೋ ರೈಲನ್ನ ಅದೇ ಸಂಜೆಗೆ ಹಿಡಿಯಬೇಡಿ. ಲಕ್ಷದ್ವೀಪಕ್ಕೆ ಹೋಗೋರು ನೆನಪಿಡಿ, ಅಲ್ಲಿಗೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಪರವಾನಗಿ ಕೈಗೆ ಬರೋ ಮುಂಚೆ ರದ್ದು ಮಾಡೋಕಾಗದ ಟಿಕೆಟ್ ತಗೋಬೇಡಿ.

ಕೊನೆಗೆ, ಆ ಬಲವಂತದ ದಿನ ಏನಾಯಿತು ಅಂತ ಹೇಳಿ ಮುಗಿಸ್ತೀನಿ. ಬೆಳಗ್ಗೆ ಬೋಟ್ ಇಲ್ಲ, ನೋಡೋ ಜಾಗದ ಪಟ್ಟಿ ಮುಗಿದಿತ್ತು. ತಮ್ಮ ಫೋನ್ ಮಾಡಿ ಮೋಡ ಚದುರಿತು ಅಂದ. ಅಪ್ಪ ಮೊದಲ ಸಲ ಚಪ್ಪಲಿ ಬಿಟ್ಟು ಮರಳಲ್ಲಿ ಕೂತರು. ಅವ್ವ, ಅತ್ತಿ ನೀರಿನ ಅಂಚಿನಲ್ಲಿ ರೊಟ್ಟಿ ಬಿಚ್ಚಿಕೊಂಡು ಮಧ್ಯಾಹ್ನತನಕ ಮಾತಾಡಿದರು, ಮದುವೆ ಆದ ಮೇಲೆ ಇಬ್ಬರೂ ಇಷ್ಟು ಹೊತ್ತು ಕೂತು ಮಾತಾಡಿದ್ದೇ ಇಲ್ಲವಂತೆ. ಹಿಂದಿನ ಐದು ದಿನ ನಾನು ಅವರನ್ನ ಗಡಿಯಾರ ತೋರಿಸಿ ಓಡಿಸಿದ್ದೆ. ಊರಿಗೆ ಬಂದ ಮೇಲೆ ಅವ್ವ ಓಣಿಯವರಿಗೆ ಹೇಳೋದು ಜೈಲಿನದಲ್ಲ, ರಾಧಾನಗರದ್ದಲ್ಲ, ಆ ದಿನದ್ದು.

ಹಾಗಾಗಿ ಆ ಖಾಲಿ ದಿನ ಬರೀ ವಿಮಾನ ತಪ್ಪದಿರಲಿ ಅಂತ ಅಲ್ಲ. ಅದನ್ನ ಮೊದಲೇ ಎತ್ತಿಟ್ರೆ ನಿಮಗೆ 38,000 ರೂಪಾಯಿ ಕಟ್ಟದೆ ಸಿಗ್ತದೆ. ನಿಮ್ಮ ಮನೆಯ ಕ್ಯಾಲೆಂಡರ್‌ನಲ್ಲಿ ಯಾವ ವಾರ ಸಂದು ಇದೆ, ನನಗೆ ಮೆಸೇಜ್ ಮಾಡಿ ಹೇಳಿ. ಹೋಗೋ ಮುಂಚೆ ಈ ಸಂಚಿಕೆನ ಮನೆಯಲ್ಲಿ ಎಲ್ಲರಿಗೂ ಒಮ್ಮೆ ಕೇಳಿಸಿ. ಮತ್ತೆ ಸಿಗೋಣ, ಬರ್ತೀನ್ರಿ.